ಲೇಸರ್‌ನಲ್ಲಿ ಕೊಯ್ದ ಮಂಟಪ

ನನ್ನ ಬಾಯಿಂದ ಮುರಿದುಬಿದ್ದ ಸಂಬಂಧಗಳನ್ನೆಲ್ಲ ಸೇರಿಸಿದರೆ ಒಂದು ಸಣ್ಣ ಮ್ಯೂಸಿಯಂ ಆಗುತ್ತದೆ. ಮಲ್ಲೇಶ್ವರದ ಒಂದು ಮನೆಯಲ್ಲಿ ಹುಡುಗಿಯ ತಾತನ ಫೋಟೋಕ್ಕೆ ಹಾರ ಹಾಕಿದ್ದನ್ನು ಗಮನಿಸದೆ, ತಾತ ವಾಕಿಂಗ್ ಹೋಗಿದಾರಾ ಅಂತ ಕೇಳಿದ್ದೆ. ಇನ್ನೊಂದು ಮನೆಯಲ್ಲಿ ಕೇಸರಿಬಾತನ್ನು ಹೊಗಳುವ ಭರದಲ್ಲಿ ಯಾವ ಹೋಟೆಲಿನದು ಅಂತ ವಿಚಾರಿಸಿದೆ. ಮಾಡಿದ ತಾಯಿ ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಹಾಗಾಗಿ ಚಾಮರಾಜಪೇಟೆಯ ಸಂಬಂಧ ಕುದುರಿಸಿದ ನಮ್ಮ ಸೋದರತ್ತೆ ಮೊದಲೇ ನನಗೆ ಪಾಠ ಹೇಳಿದರು. ಹುಡುಗಿಯ ತಂದೆ ಬ್ಯಾಂಕಿನಿಂದ ರಿಟೈರಾದವರು. ಒಳ್ಳೆಯವರೇ, ಆದರೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಹಳೇ ಕಾಲದ ಕಲ್ಲಿನ ಕಟ್ಟಡ ಯಾವುದೂ ಮನುಷ್ಯರು ಕಟ್ಟಿದ್ದಲ್ಲ ಅನ್ನುವ ತೀರ್ಮಾನಕ್ಕೆ ಬಂದಿದ್ದರು. ಹುಡುಗಿ ನೋಡುವ ಶಾಸ್ತ್ರ ಮುಗಿದ ಮೇಲೆ, ಹುಡುಗನನ್ನು ಒಂದು ಭಾನುವಾರ ತಾವೊಬ್ಬರೇ ಕರೆದುಕೊಂಡು ಹೋಗಿ ಒಂದು ಪಾಳು ಮಂಟಪ ತೋರಿಸುವುದು ಅವರ ಪದ್ಧತಿ. ವಾಪಸು ಬಂದಾಗ ಅವರು ಹೂಂ ಅಂದರೆ ಮುಂದಿನ ಮಾತು.

"ಅವ್ರೇನ್ ಹೇಳಿದ್ರೂ ತಲೆ ಆಡ್ಸು. ನಿನ್ ಬುದ್ಧೀನ ಮದ್ವೆ ಆದ್ಮೇಲೆ ತೋರ್ಸುವಂತೆ," ಅಂದರು ಅತ್ತೆ.

ನಾನು ತಲೆಯಾಡಿಸಲು ಸಿದ್ಧನಿದ್ದೆ, ಏಕೆಂದರೆ ಹುಡುಗಿ ನನಗೆ ವಿಪರೀತ ಹಿಡಿಸಿದ್ದಳು. ನನ್ನ ಜೋಕುಗಳಲ್ಲಿ ಚೆನ್ನಾಗಿದ್ದವಕ್ಕೆ ಮಾತ್ರ ನಗುತ್ತಿದ್ದಳು. ಉಳಿದವಕ್ಕೆ, ಅಂದರೆ ಬಹುತೇಕ ಎಲ್ಲಕ್ಕೂ, ಕಾಫಿ ಲೋಟದೊಳಗೆ ನೋಡುತ್ತಿದ್ದಳು. ಅಂಥವಳು ಶನಿವಾರ ಸಂಜೆ ಫೋನ್ ಮಾಡಿ ಇನ್ನೊಂದು ಷರತ್ತು ಹಾಕಿದಳು.

"ನಮ್ಮಪ್ಪಂಗೆ ಹೂಂ ಅನ್ನೋರು ಮನೇಲಿ ಆಗ್ಲೇ ಜಾಸ್ತಿ ಇದೀವಿ. ಬಂದ ಗಂಡುಗಳೆಲ್ಲ ಹೂಂ ಅಂದ್ರು, ಅವ್ರನ್ನೆಲ್ಲ ನಾನೇ ಬೇಡ ಅಂದೆ. ನೀವೂ ಅಂದ್ರೆ ಅಷ್ಟೇ."

ಅತ್ತೆಯ ಪ್ರಕಾರ ಹೂಂ ಅನ್ನದಿದ್ದರೆ ಮದುವೆ ಇಲ್ಲ. ಹುಡುಗಿಯ ಪ್ರಕಾರ ಅಂದರೆ ಇಲ್ಲ. ನನ್ನಂಥ ಮಹಾಬುದ್ಧಿವಂತನಿಗೆ ಹೊಳೆದ ಉಪಾಯ ಇಷ್ಟು: ಅಪ್ಪನ ಎದುರು ಹೂಂ ಅನ್ನುವುದು, ಮಗಳ ಹತ್ತಿರ ಘನಘೋರ ವಾದ ಮಾಡಿದೆ ಅನ್ನುವುದು.

ಮಂಟಪ ಅವರ ಮನೆಯಿಂದ ಶಂಕರಪುರಂ ಕಡೆ ನಡೆದು ಹೋಗುವಷ್ಟು ದೂರದ ಪುಟ್ಟ ಪಾರ್ಕಿನ ಮೂಲೆಯಲ್ಲಿತ್ತು. ಸೂರು ಯಾವತ್ತೋ ಬಿದ್ದಿದೆ. ನಿಂತ ಕಂಬಗಳಿಗೆ ಯಾರೋ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಾರೆ. ಬಿದ್ದ ಚಪ್ಪಡಿಗಳ ಅಂಚಿನಲ್ಲಿ ಬೆರಳು ತೂರುವಷ್ಟು ಅಗಲದ ಅರ್ಧರ್ಧ ತೂತುಗಳ ಸಾಲು, ಹಲ್ಲಿನ ಗುರುತಿನಂತೆ. ಅವರು ಆ ಸಾಲಿನ ಮೇಲೆ ಕೈಯಾಡಿಸಿದರು. ಇಷ್ಟು ನೇರವಾಗಿ ಕಲ್ಲನ್ನು ಸೀಳಲು ಲೇಸರೇ ಬೇಕು, ಇದು ಯಾರ ಕೆಲಸ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಗೊತ್ತಿರುವವರು ಬಾಯಿ ಬಿಡುವುದಿಲ್ಲ ಅಂದರು. ಆಮೇಲೆ ಇಡೀ ಪಾರ್ಕಿಗೆ ಕಾಣುವಂತೆ ಆಕಾಶದ ಕಡೆ ಬೆರಳು ತೋರಿಸಿದರು.

ನನಗೆ ನಗು ಗಂಟಲವರೆಗೆ ಬಂತು. ನಮ್ಮಪ್ಪನದು ಸೈಟು ಕೊಂಡು ಮಾರುವ ವ್ಯವಹಾರ. ಸೈಟಿನ ಸುತ್ತ ಕಲ್ಲು ನೆಡಿಸುವಾಗ ನಾನು ಕಲ್ಲು ಕುಟಿಗರ ಎದುರು ಕೂತು ಬೋಂಡಾ ತಿಂದು ಬೆಳೆದವನು. ಸಾಲಾಗಿ ತೂತು ತೋಡುತ್ತಾರೆ, ತೂತಿಗೊಂದು ಕಬ್ಬಿಣದ ಬೆಣೆ ಇಡುತ್ತಾರೆ, ವರಸೆಯಾಗಿ ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ಕಲ್ಲು ಗೆರೆ ಹಿಡಿದು ಸೀಳಿಕೊಳ್ಳುತ್ತದೆ, ಪ್ರತಿ ತೂತಿನ ಅರ್ಧ ಈ ಕಡೆ, ಅರ್ಧ ಆ ಕಡೆ. ರಹಸ್ಯ ಅಷ್ಟೇ. ಆದರೆ ಬನಿಯನ್ನು ಹಾಕಿಕೊಂಡವನು ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಇದನ್ನು ಮಾಡಿದ ಅಂದರೆ ಈ ಜನಕ್ಕೆ ಏನೋ ಕೊರತೆ. ಅವನ ಬದಲು ಇನ್ನೊಂದು ಗ್ರಹದವನು ಮಾಡಿದ ಅಂದರೆ ಎದೆ ಉಬ್ಬುತ್ತದೆ. ತಮ್ಮ ತಾತ ಮುತ್ತಾತಂದಿರು ಕೈಲಾಗದವರು ಅಂತ ಸಾಬೀತು ಮಾಡಲು ಇಷ್ಟು ಕಷ್ಟಪಟ್ಟು, ಅದಕ್ಕೆ ಪರಂಪರೆಯ ಹೆಮ್ಮೆ ಅಂತ ಹೆಸರಿಡುವ ಇನ್ನೊಂದು ಜಾತಿಯ ಪ್ರಾಣಿಯನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ತಿಳಿದ ನಾನು ಅಲ್ಲಿ ಹೇಳಿದ ಮಾತು, "ಹೌದು ಸರ್, ಲೇಸರೇ ಇರ್ಬೇಕು."

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಲೇಸರಿಗೆ ಕರೆಂಟ್ ಎಲ್ಲಿಂದ ಬಂದಿರಬಹುದು ಅಂತ ಅವರು ಕೇಳಿದ್ದಕ್ಕೆ, ಮಿಂಚು ಹಿಡಿದು ಸ್ಟೋರ್ ಮಾಡ್ತಿದ್ದರೇನೋ ಅಂದೆ. ಕಂಬ ಯಾಕೆ ವಾಲಿದೆ ಅಂದಿದ್ದಕ್ಕೆ, ಟೇಕಾಫ್ ಆಗುವಾಗ ತಗುಲಿರಬೇಕು ಅಂದೆ. ಅವರ ಕಣ್ಣು ತುಂಬಿ ಬಂತು. ಅಲ್ಲೇ ಮಗಳಿಗೆ ಫೋನ್ ಹಚ್ಚಿ, ಹುಡುಗ ತುಂಬಾ ಓಪನ್ ಮೈಂಡೆಡ್ಡು, ಟೇಕಾಫ್ ವಿಷಯ ನನಗೇ ಹೊಳೆದಿರಲಿಲ್ಲ ಅಂದರು. ನನ್ನ ಉಪಾಯ ಪಾರ್ಕಿನ ಗೇಟು ದಾಟುವ ಮೊದಲೇ ಸತ್ತಿತ್ತು.

ಮನೆ ತಲುಪಿದಾಗ ಅವಳು ಗೇಟಿನ ಒಳಗಡೆ ಕೈ ಕಟ್ಟಿ ನಿಂತಿದ್ದಳು.

"ಟೇಕಾಫ್ ಅಂತೆ," ಅಂದಳು.

ನಾನು ಅವಳ ಕಣ್ಣು ತಪ್ಪಿಸಿ ಪಕ್ಕದ ಕಾಂಪೌಂಡು ನೋಡಿದೆ. ಅವಳ ತಾತ ಕಟ್ಟಿಸಿದ ಆ ಹಳೇ ಮನೆಯ ಕಾಂಪೌಂಡು ಉದ್ದುದ್ದ ಚಪ್ಪಡಿ ಕಲ್ಲಿನದು. ಪ್ರತಿ ಚಪ್ಪಡಿಯ ಅಂಚಿಗೂ ಅದೇ ಅರ್ಧರ್ಧ ತೂತುಗಳ ಸಾಲು. ಅವಳ ಅಪ್ಪ, ಆ ಮಹಾನುಭಾವರು, ಹುಟ್ಟಿದಾಗಿನಿಂದ ಅದಕ್ಕೆ ಒರಗಿಕೊಂಡು ಪೇಪರ್ ಓದಿದ್ದಾರೆ, ಟವೆಲ್ ಒಣಗಿಸಿದ್ದಾರೆ, ರಹಸ್ಯ ಹುಡುಕಲು ಮಾತ್ರ ಪ್ರತಿ ಭಾನುವಾರ ಪಾರ್ಕಿಗೆ ಹೋಗಿದ್ದಾರೆ. ಈ ಸಲ ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಸರ್, ಇಲ್ನೋಡಿ. ಮಂಟಪದಲ್ಲಿ ಇರೋ ತೂತೇ ಇದು. ನಿಮ್ಮ ತಂದೆಯವ್ರು ಲೇಸರ್ ತರ್ಸಿದ್ರಾ?"

ಅವರು ಬಗ್ಗಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಅವರಿಗೆ ತಿಳಿಯಿತು, ಇನ್ನು ಬೈಯುತ್ತಾರೆ ಅಂದುಕೊಂಡೆ. ಇವರ ಪೈಕಿಯವರನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ. ಇಂಥ ಜಾಗದಲ್ಲಿ ಮುಳ್ಳು ದಿಕ್ಕು ತಪ್ಪುತ್ತದೆ ಅಂತ ಸದಾ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ದಿಕ್ಸೂಚಿ ತೆಗೆದು ಕಲ್ಲಿನ ಮೇಲಿಟ್ಟರು. ಮುಳ್ಳು ಗರ್ರನೆ ತಿರುಗಿತು.

"ಅಂದ್ರೆ ನಮ್ಮನೆ ಜಾಗಾನೂ ಅವ್ರದ್ದೇ," ಅಂದರು ಪಿಸುಮಾತಿನಲ್ಲಿ. ನನ್ನ ಹೆಗಲ ಮೇಲೆ ಕೈಯಿಟ್ಟು, ಇಷ್ಟು ವರ್ಷ ತಮ್ಮ ಕಣ್ಣಿಗೆ ಬೀಳದ್ದು ಹುಡುಗನಿಗೆ ಬಿತ್ತು, ಇಂಥ ಅಳಿಯ ಸಿಗಲು ಪುಣ್ಯ ಬೇಕು ಅಂತ ಮಗಳಿಗೆ ಹೇಳಿದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಈಗ ಸುಮ್ಮನಿದ್ದರೆ ಮಾವ ಸಿಗುತ್ತಾರೆ, ಮಗಳು ಸಿಗುವುದಿಲ್ಲ ಅನ್ನುವುದು ನನ್ನಂಥವನಿಗೂ ಅರ್ಥವಾಯಿತು.

"ಸರ್, ಪಕ್ಕದಲ್ಲಿರೋ ಗೇಟು ಕಬ್ಬಿಣದ್ದು. ಅದಕ್ಕೇ ಮುಳ್ಳು ತಿರುಗ್ತು. ಕಲ್ಲು ಹೊಡೆದಿದ್ದು ಕಲ್ಲು ಕುಟಿಗರು, ಮಂಟಪದ್ದೂ, ನಿಮ್ಮನೇದೂ. ಪಾರ್ಕಲ್ಲಿ ನಾನ್ ಹೇಳಿದ್ದೆಲ್ಲ ಬರೀ ಓಳು. ಮಗಳನ್ನ ಕೊಡ್ಲಿ ಅಂತ ಹೇಳ್ದೆ."

ಹೆಗಲ ಮೇಲಿನ ಕೈ ಹಿಂದೆ ಹೋಯಿತು. ಅವರು ದಿಕ್ಸೂಚಿಯನ್ನು ಜೇಬಿಗಿಟ್ಟರು. ಕುತೂಹಲ ಇಲ್ಲದ ಮನುಷ್ಯನಿಗೆ ಮಗಳನ್ನು ಕೊಡುವುದು ಕಷ್ಟ ಅಂದರು, ಸಾಲ ಕೇಳಿ ಬಂದವನ ಅರ್ಜಿ ತಿರಸ್ಕರಿಸುವ ದನಿಯಲ್ಲಿ.

"ಅಪ್ಪ, ನಂಗೆ ಒಪ್ಗೆ," ಅಂದಳು ಅವಳು. ಆಮೇಲೆ ನನಗೆ, "ಒಳಗ್ ಬನ್ನಿ, ಕಾಫಿ ಆರೋಗ್ತಿದೆ."

ಅಪ್ಪ ಮಗಳ ನಡುವೆ ಆಮೇಲೆ ಏನು ನಡೆಯಿತೋ ನನಗೆ ಯಾರೂ ಹೇಳಲಿಲ್ಲ. ಎರಡು ತಿಂಗಳು ಕಳೆಯುವ ಹೊತ್ತಿಗೆ ಎರಡೂ ಮನೆಯವರು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಆರಿಸುತ್ತಿದ್ದೆವು. ಮಾವ ಬದಲಾದರು ಅಂತ ಯಾರಾದರೂ ಅಂದುಕೊಂಡರೆ ಅವರಿಗೂ ಒಂದು ದಿಕ್ಸೂಚಿ ಕೊಡಿಸಬೇಕು. ಮಾವನ ಪ್ರಕಾರ ನನ್ನದು ಒಂದು ಅಭಿಪ್ರಾಯ, ಅವರದು ಸಂಶೋಧನೆ. ಕಾಂಪೌಂಡಿನ ಕಲ್ಲಿಗೆ ಈಗ ಶುಕ್ರವಾರ ಶುಕ್ರವಾರ ಅರಿಶಿನ ಕುಂಕುಮ ಬೀಳುತ್ತದೆ. ದಿನಾ ಬೆಳಗ್ಗೆ, ನಾನು ಹಲ್ಲುಜ್ಜುವ ಮೊದಲೇ, ಯಾವುದೋ ದೇಶದ ಯಾವುದೋ ಕಲ್ಲಿನ ವಿಡಿಯೋ ಮಾವನಿಂದ ನನ್ನ ಮೊಬೈಲಿಗೆ ಬಂದು ಬೀಳುತ್ತದೆ, ಕೆಳಗೆ "ಇದಕ್ಕೇನಂತೀರಿ?" ಅಂತ. ನಾನು "ಇಲ್ಲ ಮಾವ" ಅಂತ ಟೈಪ್ ಮಾಡುತ್ತೇನೆ. ಸ್ವಲ್ಪ ತಡವಾದರೆ ಸಾಕು, ಹಲ್ಲುಜ್ಜುತ್ತಿದ್ದ ಹೆಂಡತಿ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದು, ಅಪ್ಪಂಗೆ ಉತ್ತರ ಹಾಕಿದ್ರಾ ಅಂತ ಕೇಳುತ್ತಾಳೆ.