ಮೀನಿನ ಬರ್ಫದ ಮಾತು

ಬಿಣಗಾದ ಹೆದ್ದಾರಿ ಬದಿಯಲ್ಲಿ ಐಸ್‌ಕ್ರೀಮ್ ಮಾರುವ ದೇವಿದಾಸ ಕೆಟ್ಟವನಲ್ಲ ಮಾರಾಯ್ರೆ, ಅವನ ಬಾಯಿ ಕೆಟ್ಟದ್ದು. ಮೀನುಗಾರರ ಮನೆಯವ, ಬೋಟು ಬೇಡವೆಂದು ಅಂಗಡಿ ಇಟ್ಟ. ಅವನದು ‘ಹಂಸರಾಣಿ’ ಕಂಪನಿಯ ಮಾಲು. ಎದುರಿಗೇ ಹೀರಾ ಎಂಬವಳು ಅಂಗಡಿ ತೆರೆದು ‘ಮಂಜುಸಿರಿ’ ತರಿಸಿದಳು. ಹುಬ್ಬಳ್ಳಿ ಕಡೆಯ ಅಣ್ಣತಮ್ಮ ಕಚ್ಚಾಡಿ ಒಂದು ಕಂಪನಿಯನ್ನು ಹೀಗೆ ಎರಡು ಮಾಡಿಕೊಂಡಿದ್ದರಂತೆ. ಅವರ ಜಗಳವನ್ನು ದೇವಿದಾಸ ಮೈಮೇಲೆ ಎಳಕೊಂಡ.

ಹೀರಾಳ ಗಂಡ ಬೋಟಿಗೆ ಹೋಗುವವ. ಕತೆ ಕಟ್ಟಲು ದೇವಿದಾಸನಿಗೆ ಅಷ್ಟೇ ಸಾಕಾಯಿತು.

“ಕರೆಂಟು ಹೋದ್ರೆ ಅವಳು ಪೆಟ್ಟಿಗೆಗೆ ಗಂಡನ ಬೋಟಿನ ಐಸು, ಆ ಮೀನಿನ ಬರ್ಫ ತುಂಬ್ತಾಳೆ. ಬೇಕಾದ್ರೆ ಮೂಸಿ ನೋಡಿ” ಎಂದು ಗಿರಾಕಿಗಳ ಕಿವಿ ಊದಿದ. ಹಸಿ ಸುಳ್ಳು! ಆದರೆ ಜನಕ್ಕೆ ಅಷ್ಟು ಸಿಕ್ಕರೆ ಸಾಕಲ್ಲ. ಕಳೆದ ಬೇಸಿಗೆ ಮುಗಿಯುವುದರೊಳಗೆ ಹೀರಾ ಅಂಗಡಿಗೆ ಬೀಗ ಹಾಕಿ, ಕಾರವಾರದ ಮೀನು ಪೇಟೆಯಲ್ಲಿ ಬುಟ್ಟಿ ಇಟ್ಟು ಕೂತಳು. ದೇವಿದಾಸ ಒಳಗೊಳಗೇ ಹಿಗ್ಗಿದ.

ಮೊನ್ನೆ ಕಂಪನಿ ವ್ಯಾನಿನ ಡ್ರೈವರ್ ರೋಷನ ಹಂಸರಾಣಿಯ ಜೊತೆಗೆ ಮಂಜುಸಿರಿಯನ್ನೂ ಇಳಿಸಿದ.

“ಇದೆಂತಕೆ ತಂದೆ ಮಾರಾಯ?”

“ಎರಡೂ ಒಬ್ಬನದ್ದೇ ಅಲ್ವಾ! ದೊಡ್ಡ ಕಂಪನಿ ಖರೀದಿ ಮಾಡಿ ಎರಡು ವರ್ಷ ಆಯ್ತು. ಒಂದೇ ಫ್ಯಾಕ್ಟರಿ, ಒಂದೇ ಹಾಲು. ಮೇಲಿನ ಕಾಗದ ಮಾತ್ರ ಬೇರೆ.”

ದೇವಿದಾಸನ ಮೋರೆ ಕಪ್ಪಿಟ್ಟಿತು. ಹಾಗಾದರೆ ತಾನು ಗೆದ್ದದ್ದು ಯಾರ ಮೇಲೆ? ದುಡ್ಡು ಧಣಿಯ ಎಡಗಿಸೆಗೆ ಬಿದ್ದರೇನು, ಬಲಗಿಸೆಗೆ ಬಿದ್ದರೇನು? ಅನ್ನ ಹೋದದ್ದು ಹೀರಾಳದು ಮಾತ್ರ. ನಾಚಿಕೆಯಾಗಿ ಅವ ಆ ದಿನ ಹೊತ್ತಿಗೆ ಮೊದಲೇ ಅಂಗಡಿ ಮುಚ್ಚಿದ.

ಮರುದಿನ ಮೀನು ಪೇಟೆಗೆ ಹೋದ. ಹೀರಾಳ ಪಕ್ಕದಲ್ಲೇ ಅವನ ಆಯಿ ಹೊನ್ನು ಕೂತು ಮೀನು ಕೊಯ್ಯುತ್ತಿದ್ದಳು. ಇವ ಹುಟ್ಟುವ ಮೊದಲಿನಿಂದ ಅವಳದು ಅದೇ ಜಾಗ. ಹೆತ್ತವಳ ಎದುರು ಹೇಗೆ ಹೇಳುವುದು? ಬಂದ ದಾರಿಯಲ್ಲಿ ತಿರುಗಿ ಹೋಗೋಣವೆಂದರೆ ಅದೂ ಹೇಡಿತನ.

“ಹೀರಕ್ಕ, ಆ ಬರ್ಫದ ಮಾತು ಹುಟ್ಸಿದ್ದು ನಾನೇ. ತಪ್ಪಾಯ್ತು.”

ಹೀರಾ ಅವನತ್ತ ನೋಡಲೇ ಇಲ್ಲ, ಹೊನ್ನುವಿನತ್ತ ನೋಡಿದಳು. ಹೀರಾ ದೇವಿದಾಸನ ಮೇಲೆ ಸಂಶಯಪಟ್ಟಾಗಲೆಲ್ಲ, “ಮೀನು ಮಾರಿ ಸಾಕಿದ ಮಗ ನನ್ನವ, ಅಂಥ ಮಾತು ಅವನ ಬಾಯಲ್ಲಿ ಬರೂದಿಲ್ಲ” ಎಂದು ಹೊನ್ನು ಜಗಳಕ್ಕೇ ನಿಲ್ಲುತ್ತಿದ್ದಳು.

ಹೊನ್ನು ಕತ್ತಿ ಬದಿಗಿಟ್ಟು, ಮೀನಿನ ಹುರುಪೆ ಮೆತ್ತಿದ ಎರಡೂ ಕೈಗಳನ್ನು ಹೀರಾಳಿಗೆ ಜೋಡಿಸಿ, “ಇಷ್ಟು ದಿನ ನಾನೇ ನಿಂಗೆ ಸುಳ್ಳು ಹೇಳ್ದಂಗಾಯ್ತು ತಂಗಿ” ಎಂದಳು.