ಎರಡು ಸಲ ಓದಿದ ಸಾಲು

ಊರವರು ಅವರನ್ನು ಅರ್ಧಹಾಳೆ ಎಂದು ಕರೆಯುತ್ತಿದ್ದರು. ದೊಡ್ಡ ಪತ್ರಿಕೆಗಳು ಬಳಸುವ ಹಾಳೆಯಲ್ಲಿ ಅರ್ಧವನ್ನು ತೆಗೆದುಕೊಂಡು ನಡುವೆ ಮಡಿಸಿದರೆ ನಾಲ್ಕು ಪುಟ. ಅಷ್ಟೇ ಅವರ ವಾರಪತ್ರಿಕೆ. ಎದುರಿಗೆ ಸಂಪಾದಕರೇ ಎಂದು ಕೈಮುಗಿಯುವವರೂ ಬೆನ್ನು ತಿರುಗಿಸಿದ ಮೇಲೆ ಅರ್ಧಹಾಳೆ ಎನ್ನುತ್ತಿದ್ದರು. ಅವರಿಗೆ ಅದು ಗೊತ್ತಿಲ್ಲದೆ ಏನಿರಲಿಲ್ಲ. ಒಮ್ಮೆ ಫೋನೆತ್ತಿ, "ಹಲೋ, ಅರ್ಧಹಾಳೆ ಮಾತಾಡ್ತಿರೋದು" ಎಂದು ಹೇಳಿ ಆ ಕಡೆಯವರ ಬಾಯಿ ಮುಚ್ಚಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಈಗ ಅವರ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಕಳೆದ ತಿಂಗಳು ಪತ್ರಿಕೆಗಳ ಸಂಘದಿಂದ ಒಂದು ಫಾರಂ ಬಂತು. ಸಣ್ಣ ಪತ್ರಿಕೆ ಎಂದರೆ ಯಾವುದು, ಎಷ್ಟು ಪುಟ, ಎಷ್ಟು ಪ್ರತಿ, ವಿದ್ಯಾರ್ಥಿಗಳ ಪತ್ರಿಕೆಗಳನ್ನೂ ಈ ಗುಂಪಿಗೆ ಸೇರಿಸಬಹುದೇ, ನಿಮ್ಮ ಅಭಿಪ್ರಾಯ ತಿಳಿಸಿ ಎಂದು ಕೇಳಿದ್ದರು. ಅಭಿಪ್ರಾಯಕ್ಕೆ ಎರಡು ಗೆರೆ ಜಾಗ. ಸಂಘದವರ ದೊಡ್ಡ ಮನಸ್ಸಿಗೆ ಏನು ಹೇಳುವುದು! ಆ ಎರಡು ಗೆರೆ ತುಂಬಲು ಕುಳಿತವಳು ಇದನ್ನು ಬರೆಯುತ್ತಿದ್ದೇನೆ.

ಅವರು ಮೊದಲು ದೊಡ್ಡ ಊರಿನ ದೊಡ್ಡ ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುತ್ತಿದ್ದರು. ಒಂದು ದಿನ ಕಳ್ಳತನದ ಸುದ್ದಿಯೊಂದರಲ್ಲಿ ಕಳ್ಳನ ಬದಲು ಯಾರೋ ದರ್ಜಿಯ ಫೋಟೊ ಅಚ್ಚಾಯಿತು. ಆ ದರ್ಜಿ ಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದು ಮೂರು ದಿನ ಕಚೇರಿಗೆ ಬಂದ. ಗೇಟಿನವನು ಒಳಗೆ ಬಿಡಲಿಲ್ಲ. ಇವರು ಮೂರನೇ ಮಹಡಿಯ ಕಿಟಕಿಯಿಂದ ನೋಡುತ್ತಿದ್ದರು. ನಾಲ್ಕನೆಯ ದಿನ ದರ್ಜಿ ಬರಲಿಲ್ಲ. ಅವನು ಬಂದ ಮೂರು ದಿನಕ್ಕಿಂತ ಬಾರದ ಆ ಒಂದು ದಿನ ತಮಗೆ ಹೆಚ್ಚು ಚುಚ್ಚಿತು ಎಂದು ಹೇಳುತ್ತಿದ್ದರು. ಆ ವರ್ಷವೇ ಕೆಲಸ ಬಿಟ್ಟು ಈ ಊರಿಗೆ ಬಂದು, ಬಾಗಿಲು ನೇರ ಬೀದಿಗೆ ತೆರೆಯುವ ಎರಡು ಕೋಣೆ ಹಿಡಿದರು. ಹಿಂದಿನ ಕೋಣೆಯಲ್ಲಿ ಹಳೆಯ ಅಚ್ಚಿನ ಯಂತ್ರ, ಮುಂದಿನದರಲ್ಲಿ ಒಂದು ಮೇಜು. ಗೇಟು ಮಾತ್ರ ಬೇಡವೆಂದರು.

ಅವರದೊಂದು ಪದ್ಧತಿ ಇತ್ತು. ಯಾರನ್ನಾದರೂ ದೂರಿ ಬರೆದರೆ, ಅಚ್ಚಿಗೆ ಹೋಗುವ ಮೊದಲು ಪ್ರೂಫ್ ಹಿಡಿದು ಸೈಕಲ್ ಹತ್ತಿ ಅವರ ಬಾಗಿಲಿಗೇ ಹೋಗಿ ಓದಿ ಹೇಳುವುದು. ಕಾಗದವನ್ನು ಅವರ ಕೈಗೆ ಕೊಡುತ್ತಿರಲಿಲ್ಲ. ತಾವೇ ನಿಂತು, ಅಕ್ಷರ ನುಂಗದೆ ಓದುತ್ತಿದ್ದರು. ತಪ್ಪಿದ್ದರೆ ಅಲ್ಲೇ ತಿದ್ದುತ್ತಿದ್ದರು. ಬೈದರೆ ಬೈಸಿಕೊಳ್ಳುತ್ತಿದ್ದರು. ಸುದ್ದಿ ನಿಜವಾಗಿದ್ದರೆ ಮಾತ್ರ ಜಪ್ಪಯ್ಯ ಎಂದರೂ ತೆಗೆಯುತ್ತಿರಲಿಲ್ಲ. ಒಮ್ಮೆ ಮರದ ಡಿಪೋ ಮಾಲೀಕರು ಬಾಗಿಲು ತೆರೆಯದೆ ನಾಯಿ ಬಿಟ್ಟರಂತೆ. ಇವರು ಕಾಂಪೌಂಡಿನ ಆಚೆ ನಿಂತು ನಾಯಿಗಿಂತ ಗಟ್ಟಿಯಾಗಿ ಇಡೀ ಸುದ್ದಿ ಓದಿ ಬಂದಿದ್ದರು.

"ಸಣ್ಣ ಪತ್ರಿಕೆ ಅಂದ್ರೆ ಪುಟ ಕಡಿಮೆ ಅಂತಲ್ಲ ಕಣಮ್ಮ," ಎಂದು ನನಗೆ ಹೇಳಿದ್ದರು. "ಇವತ್ತು ಯಾರ ಬಗ್ಗೆ ಬರೀತೀನೋ, ನಾಳೆ ಅವರ ಅಂಗಡೀಲೇ ನಾನು ಸೋಪು ತಗೋಬೇಕು. ಅದು ಸಣ್ಣ ಪತ್ರಿಕೆ."

ಪತ್ರಿಕೆ ಮಡಿಸುತ್ತಿದ್ದ ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುತ್ತಿದ್ದವರು, ತಲೆಯೆತ್ತದೆ ಹೇಳಿದರು: "ಅದಕ್ಕೇ ಮೂರು ವಾರದಿಂದ ಮನೇಲಿ ಸೋಪಿಲ್ಲ."

ನಾನು ಅವರ ಬಳಿ ಹೋದದ್ದು ಕಾಲೇಜಿನ ಎರಡನೇ ವರ್ಷದಲ್ಲಿ. ನಾವು ಐದು ಜನ ಸೇರಿ ಹದಿನೈದು ದಿನಕ್ಕೊಮ್ಮೆ ಒಂದು ಪತ್ರಿಕೆ ತರುತ್ತಿದ್ದೆವು. ಗೆಳೆತನದ ಮೇಲೆ ಕವಿತೆ, ಆಟದ ಫಲಿತಾಂಶ, ಪರೀಕ್ಷೆಗೆ ಓದುವುದು ಹೇಗೆ, ಇಷ್ಟೇ. ನನ್ನ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ನಾನು ಸಂಪಾದಕಿ. ಅಪ್ಪ, "ಪೇಪರ್ ಮಾಡೋದು ಸಾಕು, ಪೇಪರ್ ಪಾಸು ಮಾಡು" ಎನ್ನುತ್ತಿದ್ದರು. ಬೇರೆ ಮುದ್ರಣಾಲಯದವರು ನಮ್ಮ ಕೆಲಸವನ್ನು ಮದುವೆ ಕಾಗದಗಳ ರಾಶಿಯ ಅಡಿಗೆ ತಳ್ಳುತ್ತಿದ್ದರು. ಅರ್ಧಹಾಳೆಯವರು ಮಾತ್ರ ನಮ್ಮ ಎಂಟೂ ಪುಟಗಳನ್ನು ಮೊದಲಿಂದ ಕೊನೆಯತನಕ ಓದಿ ಕೇಳಿದರು:

"ಇಲ್ಲಿತನಕ ಯಾರಾದ್ರೂ ಬೈದಿದಾರಾ ನಿಮ್ಮನ್ನ?"

"ಇಲ್ಲ ಸರ್," ಎಂದೆ ಹೆಮ್ಮೆಯಿಂದ.

"ಹಾಗಾದ್ರೆ ಇನ್ನೂ ಪತ್ರಿಕೆ ಆಗಿಲ್ಲ. ಆಗುತ್ತೆ, ಇರಿ."

ಆಯಿತು. ಆ ಮಳೆಗಾಲದಲ್ಲಿ ನಮ್ಮ ಹಾಸ್ಟೆಲಿನಲ್ಲಿ ಹನ್ನೊಂದು ಹುಡುಗಿಯರಿಗೆ ವಾಂತಿಭೇದಿ ಶುರುವಾಯಿತು. ಸ್ನಾನದ ಮನೆಯ ನಲ್ಲಿಯಲ್ಲಿ ಒಂದು ದಿನ ಪಾರಿವಾಳದ ಪುಕ್ಕ ಬಂತು. ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ತಿಂಗಳು ತಿಂಗಳು ತೊಳೆಸಿದ್ದಾಗಿ ಹಾಸ್ಟೆಲಿನ ಪುಸ್ತಕದಲ್ಲಿ ಸಹಿ ಇತ್ತು. ನಾನು ಪಂಪ್ ನೋಡಿಕೊಳ್ಳುವವರನ್ನು ಹೋಗಿ ಕೇಳಿದೆ. ನಾವು ಅವರನ್ನು ನೀರಣ್ಣ ಎನ್ನುತ್ತಿದ್ದೆವು. ಹಾಸ್ಟೆಲಿನ ಹಿಂದೆ, ಪಂಪಿನ ಮನೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಹೆಂಡತಿ ಮಗಳ ಜೊತೆ ಇದ್ದರು. ಅವರು ಆಚೀಚೆ ನೋಡಿ ಹೇಳಿದರು:

"ತಾರಸಿ ಬೀಗದ ಕೀಲಿ ಆಫೀಸಲ್ಲಿದೆ. ಎರಡು ವರ್ಷದಿಂದ ಯಾರೂ ಮೇಲೆ ಹತ್ತಿಲ್ಲಮ್ಮ. ಕೇಳಿ ಕೇಳಿ ನನಗೆ ಸಾಕಾಯ್ತು. ನಾನು ಹೇಳ್ದೆ ಅಂತ ಮಾತ್ರ ಹಾಕ್ಬೇಡ."

"ನಿಮ್ಮ ಹೆಸರು ಬರೋದೇ ಇಲ್ಲ ಅಣ್ಣ," ಎಂದೆ. ಹೆಸರು ಬರಲಿಲ್ಲ, ನಿಜ. ನಾನು ಬರೆದದ್ದು ಹೀಗೆ: 'ಇಪ್ಪತ್ತೆರಡು ವರ್ಷಗಳಿಂದ ಈ ಹಾಸ್ಟೆಲಿಗೆ ನೀರು ಹತ್ತಿಸುತ್ತಿರುವ ಕೈಗೇ ತಾರಸಿಯ ಕೀಲಿ ಸಿಕ್ಕಿಲ್ಲ.' ಆ ಇಪ್ಪತ್ತೆರಡು ನನಗೆ ಎಲ್ಲಿಂದ ಬಂತೆಂದು ಕೇಳಬೇಡಿ. ಅಡುಗೆಯವರು ಯಾರೋ ಅಂದಾಜಿಗೆ ಹೇಳಿದ್ದರು. ಸಾಲು ಚೆನ್ನಾಗಿ ಕೂತಿತ್ತು, ಕೂತದ್ದನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಅರ್ಧಹಾಳೆಯವರೂ ಪ್ರೂಫ್ ತಿದ್ದುತ್ತಾ ಆ ಸಾಲಿನ ಮೇಲೆ ಪೆನ್ನು ನಿಲ್ಲಿಸಿ, "ಇದು ಚೆನ್ನಾಗಿದೆ" ಎಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಅವರು ಕೇಳಿದರು: "ವಾರ್ಡನ್‌ಗೆ ಓದಿ ಹೇಳಿದೀರಾ?"

ನಮ್ಮಲ್ಲೊಬ್ಬ ನಕ್ಕ. "ಸರ್, ನಮ್ದು ಕಾಲೇಜ್ ಪೇಪರ್. ಅದಕ್ಕೆಲ್ಲ ಅಷ್ಟೊಂದು ಯಾಕೆ ಸರ್?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹನ್ನೊಂದು ಜನ ಕಾಯಿಲೆ ಬಿದ್ದಿದಾರೆ ಅಂತ ಬರ್ದಿದೀರಿ. ಇದು ಆಟ ಆದ್ರೆ ತಗೊಂಡು ಮನೆಗೆ ಹೋಗಿ. ಪತ್ರಿಕೆ ಆದ್ರೆ ನನ್ನ ಜೊತೆ ಬನ್ನಿ."

ನಾನು ಹೋದೆ. ನಮ್ಮನ್ನು ಪತ್ರಿಕೆಯವರೆಂದು ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ. ಇವರೂ ಎಲ್ಲರಂತೆ ಮಕ್ಕಳಾಟಿಕೆ ಎಂದುಕೊಂಡು ಸುಮ್ಮನೆ ಅಚ್ಚು ಹಾಕಿಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಹತ್ತು ಹದಿನೈದು ಜನ ಓದುತ್ತಿದ್ದರು, ಮರೆಯುತ್ತಿದ್ದರು. ಅವರು ನಮಗೆ ಕೊಟ್ಟ ಮರ್ಯಾದೆಯೇ ಮುಳುವಾಯಿತು.

ವಾರ್ಡನ್ ಕೋಣೆಯಲ್ಲಿ ಗಾಜು ಹಾಸಿದ ಮೇಜು, ಗಾಜಿನ ಅಡಿಯಲ್ಲಿ ವೇಳಾಪಟ್ಟಿಗಳು. ಅವರು ನಮ್ಮಿಬ್ಬರಿಗೂ ಕುರ್ಚಿ ತೋರಿಸಿದರು. ಅರ್ಧಹಾಳೆಯವರು ಕೂರದೆ ನಿಂತು ಓದಿದರು. ಹನ್ನೊಂದು ಹುಡುಗಿಯರ ಸಾಲಿಗೂ ವಾರ್ಡನ್ ಮುಖ ಅಲುಗಲಿಲ್ಲ, ಪುಕ್ಕದ ಸಾಲಿಗೂ ಅಲುಗಲಿಲ್ಲ. ನೀರು ಹತ್ತಿಸುವ ಕೈಯ ಸಾಲು ಬಂದಾಗ ಮಾತ್ರ ಕೈಯೆತ್ತಿ, "ಅದನ್ನ ಇನ್ನೊಂದ್ಸಲ ಓದ್ತೀರಾ?" ಎಂದು ಬಲು ಮೃದುವಾಗಿ ಕೇಳಿದರು.

ಅರ್ಧಹಾಳೆಯವರು ಇನ್ನೊಂದು ಸಲ ಓದಿದರು. ನಿಧಾನವಾಗಿ, ಅಕ್ಷರ ನುಂಗದೆ. ನಡುವೆ ಎಲ್ಲೋ ಅವರ ದನಿ ಒಂದು ಕ್ಷಣ ತಡೆಯಿತು. ಆದರೂ ಪೂರ್ತಿ ಓದಿದರು. ನನಗೂ ಆಗಲೇ ಹೊಳೆದದ್ದು: ಇಡೀ ಹಾಸ್ಟೆಲಿನಲ್ಲಿ ನೀರು ಹತ್ತಿಸುವ ಕೈಗಳು ಇನ್ನೆಷ್ಟಿದ್ದವು?

"ಹಾಕಿ," ಎಂದರು ವಾರ್ಡನ್. "ನಮ್ಮದೇನೂ ಅಭ್ಯಂತರ ಇಲ್ಲ."

ಹಾಕಿದೆವು. ಶನಿವಾರ ಪತ್ರಿಕೆ ಬಂತು, ಸೋಮವಾರ ಟ್ಯಾಂಕು ತೊಳೆದರು. ಹುಡುಗಿಯರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದೊಂದು ಬಾಕಿ. ತಿಂಗಳ ಒಂದನೇ ತಾರೀಖು ನೀರಣ್ಣನ ಕೈಗೆ ಒಂದು ಕಾಗದ ಬಂತು. ಪಂಪಿಗೆ ತಾನೇ ತಾನಾಗಿ ನಡೆಯುವ ಸ್ವಿಚ್ಚು ಹಾಕಿಸಲಾಗುವುದು, ಇನ್ನು ಆ ಕೆಲಸಕ್ಕೆ ಆಳು ಬೇಕಿಲ್ಲ, ಕೋಣೆ ಖಾಲಿ ಮಾಡತಕ್ಕದ್ದು ಎಂದಿತ್ತು. ಆ ಸ್ವಿಚ್ಚನ್ನು ನಾನು ಕಾಲೇಜು ಬಿಡುವ ತನಕವೂ ಹಾಕಿಸಲಿಲ್ಲ.

ಅರ್ಧಹಾಳೆಯವರೂ ನಾನೂ ಆ ಕೋಣೆಗೆ ಹೋದಾಗ ನೀರಣ್ಣನ ಹೆಂಡತಿ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ಮಗಳು ಬಕೆಟ್ಟಿನೊಳಗೆ ಪಾತ್ರೆ ಜೋಡಿಸುತ್ತಿದ್ದಳು. ಅರ್ಧಹಾಳೆಯವರು ಏನೇನೋ ಹೇಳಿದರು: ಬರೆಯುತ್ತೇನೆ, ಬಿಡುವುದಿಲ್ಲ, ಇದು ಅನ್ಯಾಯ. ನೀರಣ್ಣ ಎಲ್ಲ ಕೇಳಿಸಿಕೊಂಡರು. ಸಿಟ್ಟು ಮಾಡಿದ್ದರೆ ನಮಗೆ ಸಲೀಸಾಗುತ್ತಿತ್ತು.

"ವಾರ್ಡನ್ ಸಾಹೇಬ್ರಿಗೆ ಎರಡು ಸಲ ಓದಿ ಹೇಳಿದ್ರಂತೆ ಸರ್," ಎಂದರು. "ಪಂಪಿನ ಮನೆ ಅಲ್ಲಿಂದ ನಾಲ್ಕು ಹೆಜ್ಜೆ. ನನಗೆ ಒಂದು ಸಲ ಓದಿ ಹೇಳ್ಬಾರ್ದಿತ್ತಾ?"

ತಾವು ದೂರಿ ಬರೆದವರ ಬಾಗಿಲಿಗೆ ಇಷ್ಟು ವರ್ಷ ಸೈಕಲ್ ತುಳಿದ ಅರ್ಧಹಾಳೆಯವರಿಗೆ, ಸತ್ಯ ಹೇಳಿದವನ ಬಾಗಿಲಿಗೂ ಹೋಗಬೇಕೆಂದು ಹೊಳೆದಿರಲೇ ಇಲ್ಲ.

ನಾಲ್ಕು ವಾರ ಮುಖಪುಟದಲ್ಲಿ ಬರೆದರು. ಪ್ರತಿ ವಾರ ಪ್ರೂಫ್ ಹಿಡಿದು ವಾರ್ಡನ್ ಕೋಣೆಗೆ ಹೋದರು. ಪ್ರತಿ ವಾರ ಆ ಮನುಷ್ಯ "ಹಾಕಿ" ಎಂದರು. ಐದನೇ ವಾರ ಇವರು ಸೈಕಲ್ ತೆಗೆಯಲಿಲ್ಲ. ಆಮೇಲೆ ಯಾರಿಗೂ ಓದಿ ಹೇಳುವಂಥದ್ದನ್ನು ಅವರು ಬರೆಯಲೇ ಇಲ್ಲ. ಹುಟ್ಟು, ಸಾವು, ಕರೆಂಟು ಹೋಗುವ ಹೊತ್ತು, ಬಸ್ಸಿನ ವೇಳೆ. ಅರ್ಧಹಾಳೆ ಈಗ ಮೆತ್ತಗಾದರು ಎಂದು ಊರು ಆಡಿಕೊಂಡಿತು. ಯಾವ ಅಂಗಡಿಯಲ್ಲೂ ಸೋಪು ಸಿಗುತ್ತಿತ್ತು. ಅಕ್ಕ ಮಾತ್ರ ಒಮ್ಮೆ ನನ್ನೊಡನೆ, "ನಾಯಿ ಬಿಡ್ತಿದ್ದ ಕಾಲವೇ ಚೆನ್ನಾಗಿತ್ತು ಕಣೇ" ಎಂದರು.

ಕಾಲೇಜು ಪತ್ರಿಕೆಯ ನಾವು ಏನು ಮಾಡಿದೆವು? ಪರೀಕ್ಷೆ ಬರೆದೆವು. ವಿದ್ಯಾರ್ಥಿಗಳ ಪತ್ರಿಕೆಗೆ ಈ ಒಂದು ಅನುಕೂಲ ಉಂಟು: ಬರೆದವರು ಮಾರ್ಚ್ ಕಳೆದರೆ ಊರು ಬಿಡುತ್ತಾರೆ. ಬರೆಸಿಕೊಂಡವರು ಅಲ್ಲೇ ಇರುತ್ತಾರೆ, ಇರಲು ಬಿಟ್ಟರೆ. ನಾನು ದೊಡ್ಡ ಪತ್ರಿಕೆಗೆ ಸೇರಿದೆ, ಗೇಟಿನ ಒಳಗೆ ಹನ್ನೆರಡು ವರ್ಷ ಬೆಚ್ಚಗೆ ಕುಳಿತೆ. ಅಲ್ಲಿ ಯಾರ ಕೈಗೂ ಸಿಗದಂತೆ ಬರೆಯಬಹುದಿತ್ತು.

ಅವರ ಕೊನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ನೋಡಲು ಬಂದಿದ್ದೆ. ಮೇಜಿನ ಮೇಲೆ ಕೈ ಆಡಿಸುತ್ತಾ, ಯಾವುದೋ ಮಾತಿನ ನಡುವೆ ಹೇಳಿದರು:

"ಎರಡನೇ ಸಲ ಓದುವಾಗ ನನಗೆ ಗೊತ್ತಾಯ್ತು ಕಣಮ್ಮ. ಅಲ್ಲೇ ನಿಲ್ಲಿಸಬಹುದಿತ್ತು. ಓದಿ ಓದಿ ಅಭ್ಯಾಸ ನೋಡು, ಪೂರ್ತಿ ಓದಿಬಿಟ್ಟೆ."

ಆ ಸಾಲು ಬರೆದವಳು ನಾನು, ಸಾಲಿನ ಚೆಂದಕ್ಕೆ ಮರುಳಾದವಳು ನಾನು, ತಪ್ಪನ್ನು ನಿಮ್ಮೊಬ್ಬರ ತಲೆಗೆ ಕಟ್ಟಿಕೊಳ್ಳಬೇಡಿ ಎಂದು ಆಗ ಹೇಳಬೇಕಿತ್ತು. "ಹೋಗ್ಲಿ ಬಿಡಿ ಸರ್, ಹಳೇದು" ಎಂದೆ. ಅವರು ತಲೆಯಾಡಿಸಿದರು. ಇಂದಿಗೂ ಆ ಮಾತಿಗೆ ನನ್ನ ಮೇಲೆ ನನಗೇ ಹೇಸಿಗೆ.

ಅವರು ತೀರಿಹೋದ ಮೇಲೆ ಅಕ್ಕ ಕರೆದು ಕುರ್ಚಿ ಕೊಟ್ಟರು. ಫಾರಂ ಬಂದ ದಿನ ಹಳೆಯ ಡ್ರಾಯರು ಜಾಲಾಡಿದೆ. ನಾಲ್ಕು ಮಡಿಕೆಯ ಆ ಪ್ರೂಫ್ ಸಿಕ್ಕಿತು, ಆ ಸಾಲಿನ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ಬರೀ ಒಂದು ಪ್ರಶ್ನೆಯ ಗುರುತು. ಅವರ ತಿದ್ದುಪಡಿ ಅರ್ಧಕ್ಕೇ ನಿಂತಿತ್ತು. ವಿಳಾಸ ಹುಡುಕಿ, ನಾಲ್ಕು ಗಂಟೆ ಕಾಲ ಬಸ್ಸಿನಲ್ಲಿ ಕುಳಿತು, ನೀರಣ್ಣನ ಮಗಳ ಮನೆಗೆ ಹೋದೆ. ನೀರಣ್ಣ ಅಲ್ಲೇ ಇದ್ದರು; ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ನನ್ನ ದನಿಯಲ್ಲೇ ಗುರುತು ಹಿಡಿದರು.

"ನಿಮಗೆ ಓದಿ ಹೇಳೋಕೆ ಬಂದೆ ಅಣ್ಣ," ಎಂದೆ.

ಅವರು ಬೇಡ ಎನ್ನಲಿಲ್ಲ. ನಾನು ನಿಂತೇ ಓದಿದೆ. ಆ ಸಾಲು ಬಂದಾಗ ಅವರು ಕೈಯೆತ್ತಿದರು.

"ಅದನ್ನ ಇನ್ನೊಂದ್ಸಲ ಓದು."

ಓದಿದೆ.

"ಇಪ್ಪತ್ತೆರಡಲ್ಲಮ್ಮ, ಹತ್ತೊಂಬತ್ತು," ಎಂದರು. "ಇಪ್ಪತ್ತು ತುಂಬಿದ್ರೆ ಖಾಯಂ ಮಾಡ್ತಿದ್ರು. ಆವತ್ತೇ ಓದಿದ್ರೆ, ನೀರಿನ ವಿಷಯ ಬರೀಬೇಡಿ ಅಂತಿರ್ಲಿಲ್ಲ ನಾನು. ಮಕ್ಕಳು ಕುಡಿಯೋ ನೀರು. ಈ ಸಾಲೊಂದು ತೆಗೀರಿ ಅಂತಿದ್ದೆ. ಅಷ್ಟೇ."

ಮಗಳು ನನಗೆ ಕುಡಿಯಲು ನೀರು ತಂದಿಟ್ಟಳು. ನಾನು ಚೀಲದಿಂದ ಪೆನ್ನು ತೆಗೆದು, ಇಪ್ಪತ್ತೆರಡನ್ನು ಹೊಡೆದು ಹತ್ತೊಂಬತ್ತು ಎಂದು ಬರೆದೆ. ಆಮೇಲೆ ಇಡೀ ಸಾಲನ್ನೇ ಹೊಡೆದೆ. ಅದನ್ನು ಅರ್ಧಹಾಳೆಯವರಿಗೆ ತೋರಿಸಬೇಕಿತ್ತು. ಅವರು ಹೋಗಿ ಆಗಲೇ ಏಳು ವರ್ಷವಾಗಿತ್ತು.