ಅಕ್ಕ ಹೇಳಿದ ಅರ್ಥಗಳು

ನಮ್ಮ ಹುಳುಮನೆಗೆ ಇದ್ದದ್ದು ಒಂದೇ ಕಿಟಕಿ. ಅದಕ್ಕೂ ಗೋಣಿತಾಟಿನ ಪರದೆ. ಸಂಜೆಯ ಬಿಸಿಲು ಅದರ ನೂಲಿನ ಸಂದಿಗಳಲ್ಲಿ ಸೋಸಿಕೊಂಡು ಬಂದು ಬಿದಿರಿನ ತಟ್ಟೆಗಳ ಮೇಲೆ ಬೀಳುವ ಹೊತ್ತಿಗೆ ನಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಸಾವಿರಾರು ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು, ಎಲ್ಲೋ ದೂರದಲ್ಲಿ ಯಾರೋ ಮೊರದಲ್ಲಿ ರಾಗಿ ಕೇರುತ್ತಿರುವ ಹಾಗೆ ಕೇಳುತ್ತಿತ್ತು. ಆ ಸದ್ದಿನ ನಡುವೆ ಸೊಪ್ಪು ಕತ್ತರಿಸುತ್ತ ಕೂತ ಅಕ್ಕ ಕೇಳುತ್ತಿದ್ದಳು: "ಇವತ್ತಿನ ಐದು ಹೇಳೇ."

ಐದು ಎಂದರೆ ಐದು ಇಂಗ್ಲಿಷ್ ಪದ. ಅರವತ್ತರ ದಶಕದ ಮೊದಲ ವರ್ಷಗಳು. ಮೂರು ಮೈಲಿ ನಡೆದು ಶಿಡ್ಲಘಟ್ಟದ ಹೈಸ್ಕೂಲಿಗೆ ಹೋಗುತ್ತಿದ್ದ ನಾನು ಆಗ ಎಸ್ಸೆಸ್ಸೆಲ್ಸಿ. ಇಂಗ್ಲಿಷ್ ಮೇಷ್ಟ್ರು ದಿನಕ್ಕೆ ಐದು ಕಷ್ಟದ ಪದಗಳನ್ನು ಬೋರ್ಡಿನ ಮೇಲೆ ಬರೆದು, ಅರ್ಥವನ್ನೂ ಇಂಗ್ಲಿಷಿನಲ್ಲೇ ಬರೆಸುತ್ತಿದ್ದರು. ಮಾರನೆಯ ದಿನ ಅದನ್ನು ನಮ್ಮ ಮಾತಿನಲ್ಲಿ, ನಾವು ಕಂಡ ವಸ್ತುವಿನ ಮೂಲಕ ಬಿಡಿಸಿ ಹೇಳಬೇಕು. ನನಗೆ ಪದ ಒಂದು ಕಲ್ಲು, ಅರ್ಥ ಇನ್ನೊಂದು ಕಲ್ಲು. ಎರಡನ್ನೂ ಹೊತ್ತುಕೊಂಡು ಮನೆಗೆ ಬರುತ್ತಿದ್ದೆ.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಮಿಡ್ಲ್ ಸ್ಕೂಲ್ ಮುಗಿದ ಮೇಲೆ ಅವಳನ್ನು ಹುಳುಮನೆಗೆ ನಿಲ್ಲಿಸಿಕೊಂಡರು. ಒಂದು ಬೆಳೆಯ ಗೂಡು ಬಿಡಿಸುವ ಮೊದಲೇ ಇನ್ನೊಂದರ ಮೊಟ್ಟೆ ಮನೆಗೆ ಬಂದಿರುತ್ತಿತ್ತು. "ಈ ಬೆಳೆ ಆಗ್ಲಿ ಇರಮ್ಮ" ಎಂದು ಅಪ್ಪ ಹೇಳುತ್ತಲೇ ನಾಲ್ಕೈದು ವರ್ಷ ಕಳೆದಿತ್ತು. ಅಕ್ಕ ನನ್ನ ಪುಸ್ತಕಗಳನ್ನೇ ಓದಿದಳು, ನನಗಿಂತ ಚೆನ್ನಾಗಿ.

'ವೊರೇಶಸ್' ಎಂದೆ ಒಂದು ದಿನ. ಅವಳು ನನ್ನ ನೋಟ್‌ಬುಕ್ಕಿನಲ್ಲಿದ್ದ ಅರ್ಥವನ್ನು ಎರಡು ಸಲ ಓದಿಕೊಂಡು, ತಟ್ಟೆಯತ್ತ ಗಲ್ಲ ತೋರಿಸಿದಳು. ನಾಲ್ಕನೇ ಜ್ವರದ ನಿದ್ದೆ ಮುಗಿಸಿ ಎದ್ದ ಹುಳುಗಳು ಹಾಕಿದ ಸೊಪ್ಪನ್ನು ದಂಟು ಸಮೇತ ಮುಗಿಸುತ್ತಿದ್ದವು. 'ಟ್ರಾನ್ಸ್‌ಲೂಸೆಂಟ್' ಎಂದಾಗ ಎದ್ದುಹೋಗಿ, ಗೂಡು ಕಟ್ಟುವಷ್ಟು ಹಣ್ಣಾದ ಹುಳುವೊಂದನ್ನು ತಂದು ಕಿಟಕಿಗೆ ಹಿಡಿದಳು. ಬೆಳಕು ಅದರ ಮೈಯೊಳಗೆ ನಿಂತಿತ್ತು, ಆಚೆಗಿನದು ಮಾತ್ರ ಕಾಣುತ್ತಿರಲಿಲ್ಲ. ಆ ಹುಳುವನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದೆವೋ. 'ಇಂಡಿಸ್ಪೆನ್ಸಬಲ್' ಎಂದಾಗ ಅವಳು ಏನನ್ನೂ ತೋರಿಸಲಿಲ್ಲ. "ಅದು ನಾನೇ ಕಣೇ. ನಾನಿಲ್ದೆ ನಡಿಯಲ್ಲ ಅಂತ್ಲೇ ಸ್ಕೂಲ್ ಬಿಡ್ಸಿದ್ದು" ಎಂದು ನಕ್ಕಳು.

ಅವಳ ಅರ್ಥಗಳನ್ನು ನಾನು ತರಗತಿಯಲ್ಲಿ ಗಿಣಿಯ ಹಾಗೆ ಒಪ್ಪಿಸುತ್ತಿದ್ದೆ. ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಈ ಹುಡುಗೀಗೆ ಪದದ ಒಳಕ್ಕೆ ಹೋಗೋಕೆ ಬರತ್ತೆ ಕಣ್ರೋ" ಎನ್ನುತ್ತಿದ್ದರು. ಆ ಹೊಗಳಿಕೆ ನನಗೆ ಬೆಲ್ಲದಷ್ಟು ರುಚಿಸಿತು. ಅದು ಯಾರಿಗೆ ಸಲ್ಲಬೇಕಾದದ್ದು ಎಂದು ನಾನು ಒಂದು ದಿನವೂ ಹೇಳಲಿಲ್ಲ.

ಆ ವರ್ಷ ಅಕ್ಕ ಪಟ್ಟು ಹಿಡಿದಳು. ಪ್ರೈವೇಟಾಗಿ ಪರೀಕ್ಷೆ ಕಟ್ಟುತ್ತೇನೆ ಎಂದಳು. ನಾನೇ ಶಾಲೆಯಿಂದ ಅರ್ಜಿ ತಂದುಕೊಟ್ಟೆ. ಅವಳು ಮುತ್ತಿನಂಥ ಅಕ್ಷರದಲ್ಲಿ ತುಂಬಿದಳು. ಅಪ್ಪ ಗೊಣಗುತ್ತಲೇ ಸಹಿ ಹಾಕಿದರು. "ಮೇಷ್ಟ್ರ ಕೈಗೇ ಕೊಡು" ಎಂದು ಅಕ್ಕ ಅದನ್ನು ನನ್ನ ಪುಸ್ತಕದೊಳಗಿಟ್ಟಳು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಪರೀಕ್ಷೆಗೆಂದು ಅಕ್ಕ ಶಾಲೆಗೆ ಬಂದು ನಿಂತರೆ, ಮೇಷ್ಟ್ರು ಒಂದು ಪದ ಕೇಳಿದರೆ ಸಾಕು, ನನ್ನ ಬಣ್ಣ ಬಯಲಾಗುತ್ತಿತ್ತು. ಅರ್ಜಿ ಕೊಡದೆ ವಾಪಸು ಬಂದೆ. "ಕೊಟ್ಯಾ?" ಎಂದಳು. "ಹ್ಞೂಂ" ಎಂದೆ.

ಅಂದು ಸಂಜೆ ಹುಳುಗಳ ಹಾಸಿಗೆ ಬದಲಿಸುತ್ತಿದ್ದರು. ತಟ್ಟೆಗೆ ಹಳೆಯ ಪೇಪರು ಹಾಸುವುದು ನನ್ನ ಕೆಲಸ. ಗೋಡೆಬದಿಯ ತಟ್ಟೆಗೆ ಮೊದಲು ಅಕ್ಕನ ಅರ್ಜಿ ಹಾಸಿ, ಅದರ ಮೇಲೆ ಪೇಪರು ಹಾಸಿದೆ. ಹುಳು, ಸೊಪ್ಪು, ಎಲ್ಲ ಅದರ ಮೇಲೆ ಬಂತು. ಬಚ್ಚಿಟ್ಟೆ ಅಷ್ಟೇ, ಹರಿಯಲಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೂರು ದಿನ ಕಳೆಯಿತು. ಹುಳುಗಳು ಎರಡನೇ ಜ್ವರಕ್ಕೆ ಕೂತವು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚಿನ ನಿದ್ದೆ. ಆಗ ಅವು ತಲೆಯೆತ್ತಿ ಕದಲದೆ ಇರುತ್ತವೆ. ಸೊಪ್ಪು ಹಾಕುವಂತಿಲ್ಲ, ತಟ್ಟೆ ಮುಟ್ಟುವಂತಿಲ್ಲ. ಕದಲಿಸಿದರೆ ಪೊರೆ ಬಿಡಲಾರದೆ ಸಾಯುತ್ತವೆ. ತೆಲುಗು ಮಾತಿನ ಕೆಂಚಾರ್ಲಹಳ್ಳಿ ಕಡೆಯಿಂದ ಮದುವೆಯಾಗಿ ಬಂದ ಅಮ್ಮ ಹುಳುಗಳ ವಿಷಯಕ್ಕೆಲ್ಲ ತೆಲುಗೇ ಆಡುತ್ತಿದ್ದಳು. ಬಾಗಿಲಲ್ಲಿ ನಿಂತು "ಮಾಟ್ಲಾಡೊದ್ದು, ಪಂಡುಕುನ್ನಾಯಿ" ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಮಲಗಿವೆ, ಮಾತಾಡಬೇಡಿ ಎಂದು.

ಅರ್ಜಿಗೆ ಮಾರನೆಯ ದಿನವೇ ಕೊನೆ. ಆ ಸಂಜೆ ಹುಳುಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಬೆಳಕು, ಧೂಳು, ಅಕ್ಕ, ನಾನು ಎಲ್ಲವೂ ನೀರಿನೊಳಗೆ ಇದ್ದಂತಿತ್ತು. ಅಕ್ಕ ಪಿಸುದನಿಯಲ್ಲೇ ಐದು ಪದ ಕೇಳಿದಳು. ಕೊನೆಯದು 'ರಿಮೋರ್ಸ್'. ತಪ್ಪು ಮಾಡಿ ಆಮೇಲೆ ಕೊರಗುವುದು ಎಂಬ ಅರ್ಥವನ್ನು ಅವಳು ಓದಿಕೊಂಡು ಸುತ್ತ ನೋಡಿದಳು.

"ಇದಕ್ಕೆ ಇಲ್ಲೇನೂ ಕಾಣ್ತಿಲ್ಲ ಕಣೇ. ನೀನೇ ಹೇಳು."

ನಾನು ಗೋಡೆಬದಿಯ ತಟ್ಟೆ ತೋರಿಸಿದೆ. "ಅರ್ಜಿ ಅದರಡಿ ಐತೆ. ನಾನು ಕೊಡ್ಲಿಲ್ಲಕ್ಕ."

ಅಕ್ಕ ನನ್ನನ್ನು ನೋಡಿದಳು, ಮಲಗಿದ್ದ ಹುಳುಗಳನ್ನು ನೋಡಿದಳು. ಮೊಟ್ಟೆಯಿಂದ ಸಾಕಿದವಳು ಅವಳೇ. ಆಮೇಲೆ ಹಾಸಿಗೆಯ ಒಂದು ಅಂಚನ್ನು ಎತ್ತಿ ಕಾಗದ ಎಳೆದಳು. ಹುಳುಗಳು ಒಂದರ ಮೇಲೊಂದು ಉರುಳಿದವು. ಅಮ್ಮ ಬಾಗಿಲಿನಿಂದ "ಪಾಪಿಷ್ಟಿದಾನಾ!" ಎಂದು ಕೂಗಿದಳು. ಆ ತಟ್ಟೆಯ ಹುಳುಗಳಲ್ಲಿ ಅರ್ಧ ಮತ್ತೆ ಏಳಲೇ ಇಲ್ಲ.

ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅಕ್ಕ ಅರ್ಜಿಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೇ ಕೊಟ್ಟಳು.

"ನಾಳೆ ನೀನೇ ಕೊಟ್ಟು ಬಾ" ಎಂದಳು.

ಮರುದಿನ ಮೂರು ಮೈಲಿಯೂ ಅದನ್ನು ಎರಡು ಕೈಯಲ್ಲಿ ಹಿಡಿದು ನಡೆದೆ. ಮೇಷ್ಟ್ರು ಹಸಿರು ಕಲೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಯಾರದಮ್ಮ ಇದು?"

"ನಮ್ಮಕ್ಕಂದು ಸಾರ್. ಕ್ಲಾಸಲ್ಲಿ ನಾನು ಹೇಳ್ತಿದ್ದ ಅರ್ಥಗಳೆಲ್ಲ ಅವಳದೇ. ಒಂದೂ ನಂದಲ್ಲ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ ಹತ್ರ ಏನ್ ಉಳೀತಿತ್ತು ಸಾರ್?"

ಮೇಷ್ಟ್ರು ಅರ್ಜಿಗೆ ಅಂಟಿದ್ದ ಒಣ ಸೊಪ್ಪಿನ ಚೂರನ್ನು ಉಗುರಿನಿಂದ ತೆಗೆದು, ಅಕ್ಕನ ಹೆಸರನ್ನು ದನಿ ಎತ್ತಿ ಓದಿ, ಅದನ್ನು ಉಳಿದ ಅರ್ಜಿಗಳ ಮೇಲಿಟ್ಟರು.